ಲಾಗ್ ಪುಸ್ತಕದ ಮೇಲಿಟ್ಟ ಕೈ

ಈಗಲೂ ಬೆಳಗಿನ ಜಾವ ನಿದ್ದೆ ತೆಳ್ಳಗಾಗುವ ಹೊತ್ತಿಗೆ ನನಗೆ ಅಂಕಿಗಳು ಬರುತ್ತವೆ. ಯಾರೂ ಕರೆಯದೆ ಬರುತ್ತವೆ. ನಲವತ್ತೆಂಟು ಬಂದು ಒಂದು ಕಡೆ ನಿಲ್ಲುತ್ತದೆ, ಐವತ್ತೆರಡು ಇನ್ನೊಂದು ಕಡೆ. ನಡುವೆ ಐವತ್ತು ಮಸುಕಾಗಿ ಕಾಣುತ್ತದೆ, ಮಂಜಿನಲ್ಲಿ ಸ್ಟೇಷನ್ನಿನ ಬೋರ್ಡು ಕಂಡ ಹಾಗೆ. ಒಂದನ್ನೊಂದು ಗುಣಿಸಿಕೊಂಡು ಎರಡು ಸಾವಿರದ ನಾನೂರ ತೊಂಬತ್ತಾರು ಆಗಿ ಕರಗಿಹೋಗುತ್ತವೆ. ಪಕ್ಕದಲ್ಲಿ ಮಲಗಿರುವ ನಮ್ಮ ಯಜಮಾನರು, "ಮತ್ತೆ ಶುರುವಾಯ್ತಾ ಮಾರಾಯ್ತಿ? ತುಟಿ ಅಲ್ಲಾಡ್ತಿದೆ ನೋಡು" ಅನ್ನುತ್ತಾರೆ. ನಾನು ಆ ಕಡೆ ಹೊರಳಿ ಮಲಗುತ್ತೇನೆ.

ಭದ್ರಾವತಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಫಿಸಿಕ್ಸ್ ಲೆಕ್ಚರರ್ ಆಗಿದ್ದೆ. ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ಬೆಳಿಗ್ಗೆ ರೈಲು, ಸಂಜೆ ಸಿಕ್ಕಿದ ಬಸ್ಸು. ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. "ಮೇಡಂ, ಏಳೆಂಟ್ಲ ಎಷ್ಟು ಅಂದ್ರೂ ಮಕ್ಕಳು ಮೊಬೈಲ್ ತೆಗೀತಾರೆ. ಹಿಂಗಾದ್ರೆ ಎಂಟ್ರೆನ್ಸ್ ಪರೀಕ್ಷೆಗೆ ಏನ್ಮಾಡ್ತಾರೆ? ನೀವು ಹೆಂಗೆ ಸುಧಾರಿಸಿದ್ರಿ?" ಅಂದಳು. ಕಾಫಿ ಕೊಟ್ಟು ಕಳಿಸಿದೆ. ಆದರೆ ಅವಳು ಹೋದಮೇಲೆ ಮನಸ್ಸು ತಡೆಯಲಿಲ್ಲ. ಸುಧಾರಿಸಿದ್ದಕ್ಕಿಂತ ಕೆಡಿಸಿದ್ದು ಹೇಳಿದರೆ ಅವಳಿಗೆ ಹೆಚ್ಚು ಉಪಯೋಗ ಅನಿಸಿತು. ಪ್ರಮೋಷನ್ನು, ಸನ್ಮಾನ, ಶಾಲು, ಅವನ್ನೆಲ್ಲ ಬಿಡಿ. ಶಾಲು ಚಳಿಗಾಲಕ್ಕಾಯಿತು, ಅಷ್ಟೆ.

ನಾನು ಸೇರಿದಾಗ ಕಾಲೇಜಿನಲ್ಲಿ ಲಾಗ್ ಟೇಬಲ್ಲಿನ ಕಾಲ. ತೆಳ್ಳಗಿನ ಪುಸ್ತಕ, ಪುಟದ ತುಂಬ ಇರುವೆ ಸಾಲಿನಂಥ ಅಂಕಿ. ದೊಡ್ಡ ಗುಣಾಕಾರವನ್ನು ಕೂಡುವುದಕ್ಕೆ ಇಳಿಸುವುದು, ಭಾಗಾಕಾರವನ್ನು ಕಳೆಯುವುದಕ್ಕೆ ಇಳಿಸುವುದು, ಅದರ ಕೆಲಸ ಅಷ್ಟೇ. ಮಕ್ಕಳು ಬೆರಳಿಟ್ಟು ಸಾಲು ಹುಡುಕುವಾಗ ಲ್ಯಾಬಿನಲ್ಲಿ ಒಂದು ಬಗೆಯ ಮೌನ ಇರುತ್ತಿತ್ತು. ಕಿಟಕಿಯಾಚೆ ಉಕ್ಕಿನ ಕಾರ್ಖಾನೆಯ ಹೊಗೆ ಮೇಲೇಳುತ್ತಿತ್ತು. ನನಗೆ ಆ ಮೌನ ಇಷ್ಟ, ಆದರೆ ಪುಸ್ತಕ ನನಗೆ ಬೇಕಿರಲಿಲ್ಲ. ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರು, ಮಗ್ಗಿ ಒಪ್ಪಿಸದೆ ಊಟಕ್ಕೆ ಕೂರಿಸುತ್ತಿರಲಿಲ್ಲ. ಮೂವತ್ತರ ತನಕ ಮಗ್ಗಿ ನನ್ನ ನಾಲಿಗೆ ಮೇಲೆ ಕುಣಿಯುತ್ತಿತ್ತು. ರೈಲು ತುಂಗೆಯ ಸೇತುವೆ ದಾಟುವಾಗ ಹದಿನೇಳರದ್ದು ಶುರು ಮಾಡಿದರೆ ಭದ್ರಾವತಿ ಬರುವಷ್ಟರಲ್ಲಿ ಇಪ್ಪತ್ತೊಂಬತ್ತು ಮುಗಿದಿರುತ್ತಿತ್ತು. ಗದ್ದೆ, ಕೆರೆ, ಕೊಕ್ಕರೆ, ಹಳಿ ಪಕ್ಕ ದನ ಹೊಡೆದುಕೊಂಡು ಹೋಗುವ ಮುದುಕಿ, ಎಲ್ಲದರ ಮೇಲೂ ಅಂಕಿ ತೇಲುತ್ತಿತ್ತು. ಆ ಅರ್ಧ ಗಂಟೆ ನಾನು ಎಚ್ಚರವಿದ್ದೆನೋ ನಿದ್ದೆಯಲ್ಲಿದ್ದೆನೋ ನನಗೇ ತಿಳಿಯದು.

ಆಮೇಲೆ ಕ್ಯಾಲ್ಕುಲೇಟರ್ ಬಂತು. ತಂದವರು ನಮ್ಮ ಪ್ರಿನ್ಸಿಪಾಲ್ ಹಾಲಪ್ಪನವರು. ಹೊಸದು ಏನು ಕಂಡರೂ ಮುದ್ದು ಮಾಡುವ ಮನುಷ್ಯ. ಒಂದು ದಿನ ಸ್ಟಾಫ್ ರೂಮಿನಲ್ಲಿ ಅದನ್ನು ಅಂಗೈ ಮೇಲಿಟ್ಟುಕೊಂಡು, "ಮೇಡಂ, ಇನ್ನು ನಿಮ್ಮ ಮಗ್ಗಿಗೆ ರಜಾ" ಅಂದರು. ನನಗೆ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ. "ಕೇಳಿ ಸಾರ್, ನೀವು ಒತ್ತಿ, ನಾನು ಹೇಳ್ತೀನಿ" ಅಂದೆ. ತೊಂಬತ್ತೇಳು ನೂರಮೂರ್ಲ ಅಂದರು. ಅವರ ಬೆರಳು ಎರಡನೇ ಅಂಕಿಗೆ ಹೋಗುವಷ್ಟರಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂದು ಅಂದೆ. ಹತ್ತು ಲೆಕ್ಕ ಕೇಳಿದರು, ಹತ್ತರಲ್ಲೂ ಸೋತರು. ಸ್ಟಾಫ್ ರೂಮೆಲ್ಲ ಚಪ್ಪಾಳೆ. ಹಾಲಪ್ಪನವರೂ ಮನಸ್ಸು ಬಿಚ್ಚಿ ನಕ್ಕರು. ನಾನು ಮಾತ್ರ ಆ ಚಪ್ಪಾಳೆಯನ್ನು ಹಲವು ವರ್ಷ ತಲೆ ಮೇಲೆ ಹೊತ್ತುಕೊಂಡು ತಿರುಗಿದೆ.

ಅವರು ಪ್ರಾಕ್ಟಿಕಲ್ ಕ್ಲಾಸಿಗೆ ಕ್ಯಾಲ್ಕುಲೇಟರ್ ತರಬಹುದು ಅಂತ ಬಿಟ್ಟರು. ಆಗ ಒಂದು ತಮಾಷೆಯಾಯಿತು. ಪ್ರಿಸಂ ಪ್ರಯೋಗ. ಗಾಜಿನ ವಕ್ರೀಭವನಾಂಕ, ಅಂದರೆ ಅದರೊಳಗೆ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಅನ್ನುವ ಅಂಕಿ, ಸಾಮಾನ್ಯವಾಗಿ ಒಂದೂವರೆ ಆಸುಪಾಸು ಬರಬೇಕು. ಒಬ್ಬ ಹುಡುಗ ಸೊನ್ನೆ ಪಾಯಿಂಟ್ ಎರಡು ಏಳು ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು ತಂದಿದ್ದ. ಕೋನವನ್ನು ಡಿಗ್ರಿಯಲ್ಲಿ ಕೊಟ್ಟಿದ್ದಾನೆ, ಯಂತ್ರ ರೇಡಿಯನ್ ಅನ್ನುವ ಬೇರೆ ಅಳತೆಯಲ್ಲಿ ಕೂತಿದೆ. "ಏನೋ ಇದು? ನಿನ್ನ ಗಾಜಿನೊಳಗೆ ಬೆಳಕು ಬಯಲಿನಲ್ಲಿ ಓಡೋದಕ್ಕಿಂತ ನಾಲ್ಕು ಪಟ್ಟು ಜೋರಾಗಿ ಓಡ್ತದಾ?" ಅಂದೆ. "ಅದರಲ್ಲಿ ಹಂಗೇ ಬಂತು ಮೇಡಂ" ಅಂದ, ಮುಗ್ಧವಾಗಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಆ ದಿನದಿಂದ ನನ್ನ ಲ್ಯಾಬಿನ ಬಾಗಿಲಲ್ಲಿ ಒಂದು ರಟ್ಟಿನ ಡಬ್ಬ ಇಟ್ಟೆ. ಕ್ಯಾಲ್ಕುಲೇಟರೆಲ್ಲ ಅದರೊಳಗೆ, ಮಕ್ಕಳು ಲ್ಯಾಬಿನೊಳಗೆ.

ತೊಂಬತ್ತರ ದಶಕದ ನಡುವಿನಲ್ಲಿ ಸಿಇಟಿ ಬಂದಾಗ ನನಗೆ ಹಬ್ಬ. ಇಂಜಿನಿಯರಿಂಗ್, ಮೆಡಿಕಲ್ ಸೇರಬೇಕಾದರೆ ಈ ಪರೀಕ್ಷೆ ಬರೆಯಬೇಕು, ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಒಂದು ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ವೃತ್ತವನ್ನು ಪೆನ್ಸಿಲ್ಲಿನಿಂದ ಕಪ್ಪು ಮಾಡಬೇಕು. ಒಂದಕ್ಕೆ ಒಂದು ನಿಮಿಷದ ಮೇಲೆ ಚೂರು ಹೆಚ್ಚು ಸಮಯ. "ನೋಡಿದ್ರಾ ಸಾರ್? ಕೊನೆಗೆ ಬೇಕಾಗಿದ್ದು ಮಗ್ಗಿನೇ" ಅಂತ ಹಾಲಪ್ಪನವರನ್ನು ಕೆಣಕಿದೆ. ಅವರು ಪ್ರಶ್ನೆಪತ್ರಿಕೆಯ ಮಾದರಿಯನ್ನು ತಿರುಗಿಸಿ ನೋಡಿ, "ಅದಲ್ಲ ಮೇಡಂ, ಇವರು ನಾಲ್ಕು ಉತ್ತರ ಮೊದಲೇ ಕೊಟ್ಟುಬಿಟ್ಟಿದ್ದಾರಲ್ಲ. ಇದರಲ್ಲಿ ಬೇರೆ ಏನೋ ಕೇಳ್ತಿದ್ದಾರೆ ಅನ್ಸುತ್ತೆ" ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆಸೆ ಇದ್ದ ಮಕ್ಕಳನ್ನು ಬೆಳಿಗ್ಗೆ ಒಂದು ಗಂಟೆ ಮುಂಚೆ ಕೂರಿಸಿಕೊಳ್ಳತೊಡಗಿದೆ. ಪೆನ್ನು ಮುಚ್ಚಿ, ಕಣ್ಣು ಮುಚ್ಚಿ, ಬಾಯಲ್ಲಿ ಉತ್ತರ. ಮೂರು ದಶಮಾಂಶ ಸ್ಥಾನದ ತನಕ. ಹತ್ತಿರದ ಉತ್ತರ ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. "ಹತ್ತಿರ ಅನ್ನೋದು ಬಸ್ ಸ್ಟ್ಯಾಂಡಿಗೆ, ಲೆಕ್ಕಕ್ಕಲ್ಲ!" ಪರೀಕ್ಷೆಗೆ ಒಂದು ವಾರ ಇರುವಾಗ ನನ್ನದೊಂದು ಶಾಸ್ತ್ರ ಇತ್ತು. ಹಳೇ ಲಾಗ್ ಪುಸ್ತಕವನ್ನು ಮೇಜಿನ ಮೇಲಿಟ್ಟು, ಒಬ್ಬೊಬ್ಬರಾಗಿ ಬಂದು ಅದರ ಮೇಲೆ ಕೈಯಿಟ್ಟು, "ಲೆಕ್ಕ ಮುಗಿಯದೆ ಗುರುತು ಹಾಕೋದಿಲ್ಲ" ಅಂತ ಆಣೆ ಮಾಡಬೇಕು. ಮಕ್ಕಳು ಕಿಸಿಕಿಸಿ ನಗುತ್ತಲೇ ಮಾಡುತ್ತಿದ್ದರು. ಹೆಚ್ಚಿನವರು ಹೊರಗೆ ಹೋದ ಕೂಡಲೇ ಮರೆತೂ ಬಿಡುತ್ತಿದ್ದರು ಅಂತ ಈಗ ಗೊತ್ತು, ಪುಣ್ಯಾತ್ಮರು.

ಸೆಲ್ವಿ ನಗಲಿಲ್ಲ, ಮರೆಯಲೂ ಇಲ್ಲ.

ಸೆಲ್ವಿ ಕಾರ್ಖಾನೆ ಕ್ವಾರ್ಟರ್ಸಿನ ಹುಡುಗಿ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯವರ ಹತ್ತಿರ ತೆಲುಗು. ಅವಳ ಅಪ್ಪ ಮುರುಗೇಶ್ ಉಕ್ಕು ಕರಗಿಸುವ ಕುಲುಮೆಯ ಮುಂದೆ ಇಡೀ ಜೀವಮಾನ ಕಳೆದವರು. ಅವಳಿಗೆ ಬೇಕಾಗಿದ್ದು ಮೆಟಲರ್ಜಿ, ಲೋಹಗಳ ಇಂಜಿನಿಯರಿಂಗ್. ಎಲ್ಲರೂ ಕಂಪ್ಯೂಟರ್ ಅನ್ನುವಾಗ ಇದೇನು ಹುಚ್ಚು ಅಂತ ಕೇಳಿದೆ. "ಕೊನೇ ವರ್ಷ ಫ್ಯಾಕ್ಟರೀಲಿ ಟ್ರೈನಿಂಗ್ ಮಾಡ್ಬೇಕಲ್ಲ ಮೇಡಂ? ಅಪ್ಪಂಗೆ ಸರ್ವಿಸ್ ಇನ್ನು ನಾಲ್ಕು ವರ್ಷ ಇದೆ. ಈ ವರ್ಷ ಸೇರಿದ್ರೆ ಅಪ್ಪನ ಫರ್ನೇಸಲ್ಲೇ, ಅಪ್ಪನ ಪಕ್ಕದಲ್ಲೇ ನಿಂತ್ಕೋಬಹುದು" ಅಂದಳು. ಬೆರಳು ಮಡಿಸಿ ಲೆಕ್ಕ ಮಾಡಿ ಇಟ್ಟುಕೊಂಡಿದ್ದಳು ಹುಡುಗಿ. ಕಾರ್ಖಾನೆಯ ಒಳಗೆ ಹೆಂಗಸರು ಹೋಗುವುದು ಅಪರೂಪ. ಅಪ್ಪ ಬೆಳಗಿನಿಂದ ಸಂಜೆ ತನಕ ಇರುವ ಜಾಗವನ್ನು ಅವಳು ಗೇಟಿನಾಚೆಯಿಂದ ಬರೀ ಬೆಳಕಾಗಿ ನೋಡಿ ಬೆಳೆದವಳು. ಆ ಬೆಳಕಿನ ಒಳಗೆ ಹೋಗಬೇಕು, ಅಪ್ಪ ಇರುವಾಗಲೇ ಹೋಗಬೇಕು, ಅವಳಿಗೆ ಬೇಕಿದ್ದದ್ದು ಅಷ್ಟು.

ಮೊದಮೊದಲು ಅವಳು ಲೆಕ್ಕದಲ್ಲಿ ಮಂಕು. ಆರು ತಿಂಗಳಲ್ಲಿ ನನ್ನನ್ನೇ ಮೀರಿಸುವ ಹಾಗಾದಳು. ಕಣ್ಣು ಮುಚ್ಚಿ ಕೂತಾಗ ಅವಳ ರೆಪ್ಪೆಯ ಕೆಳಗೆ ಅಂಕಿ ಓಡಾಡುವುದು ಕಾಣುತ್ತಿತ್ತು. ನನಗೆ ಎಷ್ಟು ಹಿಗ್ಗು ಅಂದರೆ, ರೈಲಿನಲ್ಲಿ ಅಪರಿಚಿತರಿಗೆಲ್ಲ ಅವಳ ಸುದ್ದಿ ಹೇಳುತ್ತಿದ್ದೆ.

ಆ ವರ್ಷ ಸಿಇಟಿಗೆ ನನಗೆ ಶಿವಮೊಗ್ಗದ ಒಂದು ಕೇಂದ್ರದಲ್ಲಿ ಕೊಠಡಿ ಮೇಲ್ವಿಚಾರಣೆಯ ಡ್ಯೂಟಿ ಬಿತ್ತು. ಬಾಗಿಲಲ್ಲಿ ಹಾಲ್ ಟಿಕೆಟ್ ನೋಡಿ ನೋಡಿ ಒಳಗೆ ಬಿಡುತ್ತಿದ್ದೆ, ತಲೆಯೆತ್ತಿದರೆ ಸೆಲ್ವಿ! ಸಂಬಂಧಿಕರಿದ್ದರೆ ಮುಂಚೆ ತಿಳಿಸಬೇಕು ಅಂತ ನಿಯಮ. ವಿದ್ಯಾರ್ಥಿನಿ ಸಂಬಂಧಿಕಳೇ? ನಿಯಮದ ಪ್ರಕಾರ ಅಲ್ಲ. ಅವಳು ಮುಗುಳ್ನಕ್ಕು ಮೂರನೇ ಬೆಂಚಿನಲ್ಲಿ ಕೂತಳು. ಕಿಟಕಿಯಿಂದ ಬಿಸಿಲು ಅವಳ ಹಾಳೆಯ ಮೇಲೆ ಬಿದ್ದಿತ್ತು.

ಫಿಸಿಕ್ಸ್ ಪತ್ರಿಕೆ. ಅರ್ಧ ಸಮಯ ಕಳೆದಾಗ ಬೆಂಚುಗಳ ನಡುವೆ ಸುಮ್ಮನೆ ನಡೆದು ಬಂದೆ. ಸೆಲ್ವಿ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ಬೆರಳು ಇದ್ದದ್ದು ಬೆಳಕಿನ ಒಂದು ಕಣದ ಶಕ್ತಿ ಎಷ್ಟು ಅನ್ನುವ ಪ್ರಶ್ನೆಯ ಮೇಲೆ. ಹತ್ತೊಂಬತ್ತು ಪಾಯಿಂಟ್ ಎಂಟು ಒಂಬತ್ತನ್ನು ಐದು ಪಾಯಿಂಟ್ ಒಂಬತ್ತರಿಂದ ಭಾಗಿಸುತ್ತಿದ್ದಾಳೆ, ಮೂರು ದಶಮಾಂಶದ ತನಕ, ನಾನು ಕಲಿಸಿದ ಹಾಗೇ. ಪತ್ರಿಕೆಯಲ್ಲಿ ಕೊಟ್ಟಿದ್ದ ನಾಲ್ಕು ಉತ್ತರ ನೋಡಿದೆ. ನಾಲ್ಕರಲ್ಲೂ ಮೊದಲ ಭಾಗದ ಅಂಕಿ ಒಂದೇ! ಹತ್ತರ ಘಾತ ಮಾತ್ರ ಬೇರೆ ಬೇರೆ. ಭಾಗಿಸುವ ಕೆಲಸವೇ ಇಲ್ಲ. ಘಾತ ಕೂಡಿ ಕಳೆದರೆ ಹತ್ತು ಸೆಕೆಂಡಿನ ಮಾತು. ಹಾಲಪ್ಪನವರು 'ಬೇರೆ ಏನೋ ಕೇಳ್ತಿದ್ದಾರೆ' ಅಂದಿದ್ದು ಇದನ್ನೇ.

ಹತ್ತು ನಿಮಿಷ ಉಳಿದಿದೆ ಅಂತ ಗಂಟೆ ಹೊಡೆಯಿತು. ಸುತ್ತ ಪೆನ್ಸಿಲ್ಲಿನ ಸದ್ದು ಜೋರಾಯಿತು. ಗೊತ್ತಿದ್ದದ್ದು ಗೊತ್ತಿಲ್ಲದ್ದು ಎಲ್ಲದಕ್ಕೂ ಮಕ್ಕಳು ಒಂದೊಂದು ವೃತ್ತ ಕಪ್ಪು ಮಾಡುತ್ತಿದ್ದಾರೆ. ತಪ್ಪಾದರೆ ಅಂಕ ಕಳೆಯುವುದಿಲ್ಲವಲ್ಲ, ಬಿಡುವವರು ಯಾರು? ಸೆಲ್ವಿಯ ಹಾಳೆಯಲ್ಲಿ ಕೊನೆಯ ಹದಿನೇಳು ಸಾಲು ಬಿಳಿಯಾಗಿಯೇ ಇತ್ತು. ಅವಳು ಇನ್ನೊಂದು ಲೆಕ್ಕ ಶುರು ಮಾಡಿದಳು, ಗಡಿಯಾರ ನೋಡಿದಳು, ಮುಗಿಯುವುದಿಲ್ಲ ಅಂತ ಗೊತ್ತಾಯಿತು. ಪೆನ್ಸಿಲ್ ಕೆಳಗಿಟ್ಟಳು. ಕೈಕಟ್ಟಿ ಕೂತಳು. ಕೂತು ನನ್ನ ಮುಖ ನೋಡಿದಳು, ಮಾತು ಉಳಿಸಿಕೊಂಡವಳ ಹೆಮ್ಮೆಯಿಂದ.

ದೇವರೇ! 'ಹಾಕು ಸೆಲ್ವಿ, ಏನಾದ್ರೂ ಹಾಕು' ಅಂದರೆ ಮುಗಿಯುತ್ತಿತ್ತು. ಬಾಯಿ ಕೂಡ ಬೇಡ, ಆ ಹಾಳೆಯ ಕೊನೆಗೆ ಒಂದು ಬೆರಳಿಟ್ಟಿದ್ದರೆ ಸಾಕಿತ್ತು. 'ತಪ್ಪಿಗೆ ಅಂಕ ಕಳೆಯೋದಿಲ್ಲ' ಅಂತ ಇಡೀ ಕೊಠಡಿಗೆ ಕೇಳುವ ಹಾಗೆ ಹೇಳಬಹುದಿತ್ತಲ್ಲ ಅಂತ ಆಮೇಲೆ ನೂರು ಸಲ ಅನಿಸಿದೆ. ಆದರೆ ಅದು ಒಬ್ಬಳಿಗಾಗಿ ಹೇಳಿದ್ದು ಅಂತ ನನಗೆ ಗೊತ್ತಿರುತ್ತಿತ್ತು. ನಾನು ಹೋಗಿ ಕಿಟಕಿಯ ಹತ್ತಿರ ನಿಂತೆ. ಹೊರಗೆ ಬೇವಿನ ಮರದ ಎಲೆ ಅಲ್ಲಾಡುತ್ತಿತ್ತು. ಆ ಹತ್ತು ನಿಮಿಷ ನನಗೆ ಈಗಲೂ ಕನಸಿನ ಹಾಗೇ ನೆನಪಿದೆ.

ಹೊರಗೆ ಬಂದವಳು ಓಡಿ ಬಂದು, "ಮೇಡಂ, ಮಾಡಿದ್ದೆಲ್ಲ ಪಕ್ಕಾ ಕರೆಕ್ಟ್. ಹದಿನೇಳು ಬಿಟ್ಟೆ. ಒಂದನ್ನೂ ಸುಮ್ನೆ ಹಾಕ್ಲಿಲ್ಲ" ಅಂದಳು.

"ಆಯ್ತಮ್ಮ" ಅಂದೆ.

ಮೆಟಲರ್ಜಿಗೆ ಕೇಳುವವರು ಕಮ್ಮಿ, ಆದರೆ ಸೀಟೂ ಕಮ್ಮಿ. ಅವಳ ರ‍್ಯಾಂಕಿಗೆ ಸ್ವಲ್ಪ ಮುಂಚೆಯೇ ಮುಗಿದುಹೋಯಿತು. ದುಡ್ಡು ಕೊಟ್ಟು ಓದಿಸುವ ಮನೆ ಅದಲ್ಲ. ಸೆಲ್ವಿ ಕಾಲೇಜಿನ ಕಡೆ ಮುಖವನ್ನೂ ಹಾಕಲಿಲ್ಲ. ಒಂದು ವಾರ ನನಗೆ ಅನ್ನ ಸೇರಲಿಲ್ಲ. ಕೊನೆಗೆ ಒಂದು ಭಾನುವಾರ ಅವರ ಕ್ವಾರ್ಟರ್ಸಿಗೆ ಹೋದೆ.

ಮುರುಗೇಶ್ ಬಾಗಿಲಲ್ಲೇ ಕೂತಿದ್ದರು. ಕುಲುಮೆಯ ಝಳಕ್ಕೆ ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಸೆಲ್ವಿ ಒಳಗೆ ಗೋಡೆಗೆ ಒರಗಿ ನಿಂತಿದ್ದಳು. ನಾನು ನೀರೂ ಕುಡಿಯದೆ ಎಲ್ಲ ಹೇಳಿದೆ. ಆಣೆ ಮಾಡಿಸಿದ್ದು, ಬಿಳಿ ಸಾಲು ಕಂಡದ್ದು, ಬಾಯಿ ಬಿಡದೆ ಕಿಟಕಿಗೆ ಹೋಗಿ ನಿಂತದ್ದು. "ನಿಮ್ಮ ಮಗಳ ಸೀಟು ನಾನು ಕಳೆದೆ ಮುರುಗೇಶಣ್ಣ" ಅಂದೆ.

ಅವರು ಒಳಗೆ ನಿಂತಿದ್ದ ಮಗಳ ಕಡೆ ತಿರುಗಿ ನೋಡಿದರು. ಆಮೇಲೆ ಅಂದರು: "ಅಲ್ಲಿ ನೀವು ಹೇಳ್ಕೊಡದೇ ಇದ್ದಿದ್ದು ಸರಿ ಮೇಡಂ. ಇಲ್ಲಿ ಕ್ಲಾಸಲ್ಲಿ ಹಂಗೆ ಹೇಳ್ಕೊಟ್ರಲ್ಲ, ಅದು ತಪ್ಪು."

ಇಷ್ಟು ವರ್ಷದಲ್ಲಿ ಯಾವ ಇನ್ಸ್‌ಪೆಕ್ಷನ್ನಿನವರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ. ಅವರು ಗಮನಿಸದವರ ಹಾಗೆ ಮಾತು ಮುಂದುವರಿಸಿದರು. "ನಾವು ಕುಲುಮೆ ಬಾಯಿಗೆ ನೀಲಿ ಗಾಜು ಹಿಡಿದು ನೋಡ್ತೀವಿ. ಬಣ್ಣ ನೋಡಿದ್ರೆ ತಿಳಿಯುತ್ತೆ, ಉಕ್ಕು ಆಗಿದೆಯೋ ಇನ್ನೂ ಕಾಯಬೇಕೋ. ಸಾವಿರದ ಆರುನೂರು ಡಿಗ್ರಿ ಆಸುಪಾಸು ಅಂತೀವಿ. ಆಮೇಲೆ ಮೀಟರ್ ಹಾಕ್ತಾರೆ, ಹತ್ತಿಪ್ಪತ್ತು ಆಕಡೆ ಈಕಡೆ. ಮೀಟರ್ ಕೆಟ್ಟು ಎಂಟುನೂರು ತೋರಿಸಿದ್ರೆ ಅದು ಸುಳ್ಳು ಅಂತ ಹೇಳೋಕೆ ಕಣ್ಣು ಬೇಕಲ್ವಾ? ಹಂಗಂತ ಬರೀ ಕಣ್ಣಲ್ಲೇ ಹದಿನಾರುನೂರ ಇಪ್ಪತ್ಮೂರು ಅಂತ ಹೇಳು ಅಂದ್ರೆ ನಾನು ಇವತ್ತಿಗೂ ಅಲ್ಲೇ ನಿಂತಿರ್ತಿದ್ದೆ. ಅಲ್ಲಿ ತನಕ ಉಕ್ಕು ನಮಗೆ ಕಾಯುತ್ತಾ?"

ಯಂತ್ರ ನಂಬಿ ಗಾಜಿನಲ್ಲಿ ಬೆಳಕನ್ನು ಓಡಿಸಿದ ಹುಡುಗನಿಗೂ, ಯಂತ್ರ ಬೇಡವೆಂದು ತಲೆಯನ್ನೇ ಯಂತ್ರ ಮಾಡಿಕೊಂಡ ನನಗೂ ಇಲ್ಲದ್ದು ಇದೇ ಕಣ್ಣು. ಅಷ್ಟು ದಿನ ನಾನು ಕ್ಯಾಲ್ಕುಲೇಟರಿನ ಮೇಲೆ ಗೆಲ್ಲುವುದನ್ನು ಕಲಿಸಿದೆನೇ ಹೊರತು ಪರೀಕ್ಷೆ ಬರೆಯುವುದನ್ನಲ್ಲ.

ಸೆಲ್ವಿ ಶಿವಮೊಗ್ಗದಲ್ಲಿ ಬಿಎಸ್ಸಿಗೆ ಸೇರಿ, ಮುಂದಿನ ವರ್ಷ ಮತ್ತೆ ಸಿಇಟಿ ಬರೆಯಲು ಒಪ್ಪಿದಳು. ಒಪ್ಪಿಸಲು ನಾನು ಮೂರು ಸಲ ಅವರ ಮನೆಗೆ ಹೋಗಬೇಕಾಯಿತು. ಸಂಜೆ ನಮ್ಮ ಮನೆಯಲ್ಲೇ ಕ್ಲಾಸು. ಈ ಸಲ ಪ್ರಶ್ನೆ ಮುಚ್ಚಿಟ್ಟು ಮೊದಲು ನಾಲ್ಕು ಉತ್ತರ ತೋರಿಸುತ್ತಿದ್ದೆ. ಇವು ಎಲ್ಲಿ ಬೇರೆ ಬೇರೆ, ಎಲ್ಲಿ ಒಂದೇ, ಯಾವುದು ಆಗಲು ಸಾಧ್ಯವೇ ಇಲ್ಲ ಅಂತ ಅವಳು ಹೇಳಬೇಕು. ಆಮೇಲೆ ಪ್ರಶ್ನೆ. ಐದು ಪಾಯಿಂಟ್ ಒಂಬತ್ತನ್ನು ಆರು ಅನ್ನುವುದಕ್ಕೆ ಮೊದಮೊದಲು ಅವಳಿಗೂ ಮನಸ್ಸು ಬರುತ್ತಿರಲಿಲ್ಲ, ನನಗೂ. ಆಮೇಲೆ ಇಬ್ಬರಿಗೂ ರುಚಿ ಹತ್ತಿತು. ದಶಮಾಂಶಗಳು ಒಂದೊಂದಾಗಿ ಕಳಚಿ ಬಿದ್ದು ಲೆಕ್ಕ ಹಗುರಾಗುತ್ತಿತ್ತು, ಸಂಜೆಯ ಬೆಳಕಿನಲ್ಲಿ ನಾವಿಬ್ಬರೂ ತೇಲುತ್ತಿದ್ದೆವು. ಕೊನೆಯ ವಾರ ಕ್ಯಾಲ್ಕುಲೇಟರನ್ನೂ ಅವಳ ಕೈಗೆ ಕೊಟ್ಟೆ. ಅಂದಾಜು ಮೊದಲು ಬರಿ, ಆಮೇಲೆ ಒತ್ತಿ ನೋಡು, ಎರಡೂ ಜಗಳವಾಡಿದರೆ ಯಾರದು ತಪ್ಪು ಹುಡುಕು ಅಂದೆ. ಹಾಲಪ್ಪನವರಿಗೆ ಫೋನ್ ಮಾಡಿ ಸೋತೆ ಅಂತಲೂ ಹೇಳಿದೆ. "ಗೊತ್ತಿತ್ತು ಮೇಡಂ, ನಿಮ್ಮ ಕೋಪಕ್ಕೆ ಹೆದರಿ ಸುಮ್ನಿದ್ದೆ" ಅಂದರು. ಹೊಸಬರೇ, ಮೇಲಿನವರು ಹೆದರುವಷ್ಟು ಕೋಪ ಇಟ್ಟುಕೊಳ್ಳಬೇಡಿ. ನಷ್ಟ ಮಕ್ಕಳಿಗೆ.

ಆ ವರ್ಷ ಸೆಲ್ವಿ ಒಂದು ಸಾಲನ್ನೂ ಬಿಳಿ ಬಿಡಲಿಲ್ಲ. ಮೆಟಲರ್ಜಿ ಸೀಟು ಸಿಕ್ಕಿತು. ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರು, ನನಗೂ ಒಂದು ಡಬ್ಬ ಬಂತು. ಮುರುಗೇಶರ ಸರ್ವಿಸ್ಸು ಎಷ್ಟು ಉಳಿದಿದೆ ಅಂತ ನಾನು ಅಂದೇ ಬೆರಳು ಮಡಿಸಿ ನೋಡಿದೆ. ಮಡಿಸದೆಯೂ ಗೊತ್ತಿತ್ತು.

ಮೂರು ವರ್ಷ ಕಳೆದು ಸೆಲ್ವಿ ಕೊನೇ ವರ್ಷಕ್ಕೆ ಬಂದಾಗ ಒಂದು ಮಧ್ಯಾಹ್ನ ಕಾಲೇಜು ಮುಗಿಸಿ ಬಸ್ಸಿಗೆ ಹೊರಟವಳು ಕಾರ್ಖಾನೆಯ ಗೇಟಿನ ಮುಂದೆ ಮುರುಗೇಶ್ ನಿಂತಿರುವುದನ್ನು ಕಂಡೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಪಂಚೆ. ಅವರನ್ನು ಖಾಕಿಯಲ್ಲದೆ ಬೇರೆ ಬಟ್ಟೆಯಲ್ಲಿ ನಾನು ಹೆಚ್ಚು ನೋಡಿರಲಿಲ್ಲ.

"ಏನು ಮುರುಗೇಶಣ್ಣ, ಇಲ್ಲಿ?"

"ಸೆಲ್ವಿ ಒಳಗಿದ್ದಾಳೆ ಮೇಡಂ. ಇವತ್ತು ಟ್ರೈನಿಂಗ್ ಮೊದಲ್ನೇ ದಿನ. ನಮ್ ಫರ್ನೇಸೇ ಕೊಟ್ಟಿದ್ದಾರೆ."

"ನೀವು ಒಳಗೆ ಹೋಗಲಿಲ್ವಾ?"

"ಬಿಡಲ್ಲ ಮೇಡಂ, ಪಾಸ್ ಇಲ್ಲ. ರಿಟೈರ್ ಆಗಿ ಎಂಟು ತಿಂಗಳಾಯ್ತಲ್ಲ." ದೂರು ಇರಲಿಲ್ಲ ಅವರ ದನಿಯಲ್ಲಿ.

ನಾನು ಬಸ್ಸು ಬಿಟ್ಟು ಅವರ ಪಕ್ಕದಲ್ಲೇ ನಿಂತೆ. ಶಿಫ್ಟಿನ ಸೈರನ್ ಕೂಗಿತು. ಖಾಕಿ ಗುಂಪಿನ ನಡುವೆ ಹೆಲ್ಮೆಟ್ ಹಾಕಿಕೊಂಡ ಸೆಲ್ವಿ ಬಂದಳು, ಝಳಕ್ಕೆ ಮುಖವೆಲ್ಲ ಕೆಂಪಾಗಿತ್ತು. ನನ್ನನ್ನು ನೋಡಲೇ ಇಲ್ಲ. "ಅಪ್ಪಾ, ಮೀಟರ್ ಹಾಕೋಕೆ ಮುಂಚೆನೇ ಹೇಳ್ದೆ! ಹದಿನೈದು ಡಿಗ್ರಿ ಅಷ್ಟೇ ತಪ್ಪು!" ಅಂದಳು.

ಮುರುಗೇಶ್ ಬಾಯಿತುಂಬ ನಕ್ಕರು. "ಪಕ್ಕದಲ್ಲಿ ಯಾರು ನಿಂತಿದ್ರು?" ಅಂತ ಕೇಳಿದರು.

"ಯಾರೋ ಹೊಸಬ್ರು ಅಪ್ಪಾ. ಹೆಸರು ಕೇಳ್ಲಿಲ್ಲ" ಅಂದಳು.